ಹಸಿ ಗೋಡೆ

ಭಾಲ್ಕಿಯಲ್ಲಿ ಭಾಲಚಂದ್ರರ ಮನೆಯ ಹಿತ್ತಲು ತಗ್ಗಿನಲ್ಲಿತ್ತು. ಅಲ್ಲಿಯ ಬಾಡಿಗೆ ಕೋಣೆಗೆ ಆ ಮಳೆಗಾಲ ಗಟಾರದ ನೀರು ನುಗ್ಗಿ ಮೊಣಕಾಲಿನವರೆಗೆ ನಿಂತಿತ್ತು. ನೀರು ಇಳಿದ ಮೇಲೆ ಅವರ ಹೆಂಡತಿ ಅಂಬೂಬಾಯಿ ಕೆಸರು ಬಳಿದರು, ನೆಲ ತೊಳೆದರು, ನೆನೆದ ಹತ್ತಿಯ ಗಾದಿಯನ್ನು ಹೊರಗೆ ಹಾಕಿಸಿದರು. ಆದರೂ ಗೋಡೆಯ ಬುಡದಲ್ಲಿ ಕಪ್ಪು ಬೂಷ್ಟು ಹಬ್ಬುತ್ತಲೇ ಇತ್ತು. ಒರೆಸಿದರೆ ಮರೆಯಾಗಿ ಮತ್ತೆ ಮೂಡುತ್ತಿತ್ತು.

ಅಷ್ಟರಲ್ಲಿ ಹೊಸ ಬಾಡಿಗೆದಾರರು ಸಿಕ್ಕಿದ್ದರು. ಔರಾದಿನಿಂದ ವರ್ಗವಾಗಿ ಬರುತ್ತಿದ್ದ ನರ್ಸ್ ಇರಮ ಮತ್ತು ಆಕೆಯ ತಾಯಿ ಮರಿಯಮಬೀ.

“ನಾಳೆ ಪೇಂಟರ್ ಕಲೀಮಗ ಕರದು ಬಣ್ಣ ಹೊಡಸಿಬಿಡ್ತೇನಿ,” ಎಂದರು ಭಾಲಚಂದ್ರ.

“ಗ್ವಾಡಿ ಇನ್ನಾ ಹಸಿ ಅದರಿ. ಮ್ಯಾಲ ಬಣ್ಣ ಹೊಡದ್ರ ಬೂಷ್ಟು ಒಳಗೊಳಗ ಬೆಳೀತದ. ಗಿಲಾವ್ ಕೆರಸ್ರಿ, ಕಿಡಕಿ ತೆರದು ಒಣಗಸೋಣು.”

“ಎಲ್ಲಿತನಕ ಒಣಗಸ್ತಿ? ಬಿಸಲಾರ ಎಲ್ಲದ? ನನಗೂ ಸಾಕಾಗ್ಯಾದ. ಓಣ್ಯಾಗ ಎಲ್ಲರೂ ಇದೇ ಮಾಡ್ಲತ್ತಾರ.”

ಅಂಬೂಬಾಯಿಗೆ ವಾದಿಸುವ ತ್ರಾಣ ಇರಲಿಲ್ಲ. ಕಲೀಮ ಬಂದು ಬಣ್ಣ ಹೊಡೆದು ಹೋದ.

ಮರುದಿನ ಊಟವಾದ ಮೇಲೆ ಭಾಲಚಂದ್ರರು ಹುಡುಕಿಕೊಂಡು ಹೋದಾಗ, ಹೆಂಡತಿ ಆ ಕೋಣೆಯಲ್ಲಿ ಕಿಟಕಿ, ಬಾಗಿಲು ಮುಚ್ಚಿ ಚಾಪೆಯ ಮೇಲೆ ಮಲಗಿದ್ದರು.

“ಇಲ್ಲಿ ಯಾಕ ಮಲಗೀದಿ?”

“ಆ ನರ್ಸನ ತಾಯಿ, ಮುದುಕಿ, ದಿನಾ ಇಲ್ಲೇ ಮಲಗಾಕಿ ಅಲ್ಲೇನ್ರಿ? ಹ್ಯಾಂಗ ಆಗ್ತದ ನೋಡ್ಲತ್ತೀನಿ.”

ಆ ಮಾತಿನಲ್ಲಿ ಕೊಂಕು ಇರಲಿಲ್ಲ, ಬರೀ ದಣಿವಿತ್ತು. ಭಾಲಚಂದ್ರರೂ ಪಕ್ಕದಲ್ಲಿ ಒರಗಿದರು. ಮೊದಲು ಬಣ್ಣದ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಅದರಡಿಯಿಂದ ನೆನೆದ ಗೋಣಿಚೀಲದಂಥ ಮುಗ್ಗು ವಾಸನೆ ಎದ್ದಿತು. ಗೋಡೆ ಮುಟ್ಟಿದರೆ ತಣ್ಣಗಿತ್ತು. ಅಂಬೂಬಾಯಿ ಕೆಮ್ಮಿ ಮಗ್ಗುಲು ಬದಲಿಸಿದರು. ಭಾಲಚಂದ್ರರು ಎದ್ದು ಕಿಟಕಿ ತೆರೆದರು.

ಭಾನುವಾರ ಸಾಮಾನಿನ ಟೆಂಪೋ ಬಂತು. ಮರಿಯಮಬೀ ಮಗಳ ಭುಜ ಹಿಡಿದು ಇಳಿದು, ನಿಂತಲ್ಲೇ ಉಸಿರು ಸುಧಾರಿಸಿಕೊಂಡರು. ಅವರನ್ನು ನೋಡಿದ ಭಾಲಚಂದ್ರರಿಗೆ ಬೀಗದ ಕೈ ಕೊಡಲು ಮನಸ್ಸಾಗಲಿಲ್ಲ.

“ಬೇಟಿ, ಆ ಕೋಣ್ಯಾಗ ಸಾಮಾನ ಇಡಬ್ಯಾಡ್ರಿ. ಮಳಿನೀರು ನಿಂತಿತ್ತು. ಮ್ಯಾಲ ಬಣ್ಣ ಹೊಡಸೀನಿ, ಒಳಗ ಬೂಷ್ಟು ಅದ.”

ಇರಮಳ ಮುಖ ಇಳಿಯಿತು. “ಮೊದಲೇ ಹೇಳಬೇಕಿತ್ತಲ್ರಿ ಚಾಚಾ. ಅಲ್ಲಿ ಮನಿ ಖಾಲಿ ಮಾಡಿ ಬಂದೇವಿ. ಈಗ ಅಮ್ಮಿಗಿ ಕರಕೊಂಡು ಎಲ್ಲಿ ಹೋಗ್ಲಿ?”

“ಹೇಳಬೇಕಿತ್ತು, ಖರೆ,” ಎಂದು ಅವರು ತಲೆ ತಗ್ಗಿಸಿದರು. “ನಮ್ಮ ಪಡಸಾಲಿ ಎತ್ತರದಾಗದ, ಒಣಾ ಅದ. ಗ್ವಾಡಿ ಒಣಗೋತನ ಅಲ್ಲೇ ಇರ್ರಿ. ನಾವು ಒಳಗ ಇರ್ತೇವಿ.”

ಇರಮ ತಾಯಿಯ ಕಡೆ ನೋಡಿದಳು. ಮರಿಯಮಬೀ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಒಳಗೆ ಅಂಬೂಬಾಯಿ ಆಗಲೇ ಪಡಸಾಲೆಯ ಮಂಚದ ಮೇಲಿದ್ದ ಬಟ್ಟೆಗಳನ್ನು ಎತ್ತುತ್ತಿದ್ದರು.

ಮರುದಿನ ಮೂಗು ಬಾಯಿಗೆ ಟವೆಲ್ ಸುತ್ತಿಕೊಂಡು ಭಾಲಚಂದ್ರರು ಉಳಿ, ಸುತ್ತಿಗೆ ಹಿಡಿದು ಹಿತ್ತಲ ಕೋಣೆಯ ಗೋಡೆಯೆದುರು ಕುಳಿತರು. ಏಟಿಗೊಂದು ತುಂಡು ಹಸಿ ಗಿಲಾವು ಹೊಸ ಬಣ್ಣದ ಸಮೇತ ಉದುರುತ್ತಿತ್ತು. ತೋಳು ಸೋತಿತ್ತು. ಪಡಸಾಲೆಯಲ್ಲಿ ಮರಿಯಮಬೀ ಕೆಮ್ಮಿದ್ದು ಕೇಳಿಸಿತು. ಭಾಲಚಂದ್ರರು ಮೊಣಕಾಲು ಸರಿಸಿಕೊಂಡು ಮುಂದಿನ ತುಂಡಿಗೆ ಉಳಿ ಇಟ್ಟರು.