ಮುಂದಿನ ಸಾಲಿನ ನಿದ್ದೆ

ನಾಟಕ ಬಿದ್ದರೆ ಬೀಳಲಿ, ಇವರೊಬ್ಬರು ನಿದ್ದೆ ಮಾಡದಿದ್ದರೆ ಸಾಕು. ಅವತ್ತು ಸಂಜೆ ನಾಟಕದಮ್ಮನ ಮನಸ್ಸಿನಲ್ಲಿದ್ದ ಪ್ರಾರ್ಥನೆ ಇಷ್ಟೇ. ಮೊದಲ ಪ್ರದರ್ಶನದ ದಿನ ಬರೆದವರಿಗೆ ನೂರೆಂಟು ಚಿಂತೆ ಅನ್ನುತ್ತಾರೆ. ಇವಳಿಗೆ ಇದ್ದದ್ದು ಒಂದೇ, ಅದೂ ಕಟ್ಟಿಕೊಂಡ ಗಂಡನದು.

ಗಂಡ ವಾಚ್ ರಿಪೇರಿಯವರು. ಬೀದಿಯವರೆಲ್ಲ ಅವರನ್ನು ವಾಚಿನ ಯಜಮಾನರು ಅಂತಲೂ ಇವಳನ್ನು ನಾಟಕದಮ್ಮ ಅಂತಲೂ ಕರೆಯುವುದು. ಮನೆಯ ಮುಂದಿನ ಕೋಣೆ ಅವರ ಅಂಗಡಿ, ಹಿಂದಿನದು ಅಡುಗೆಮನೆ, ನಡುವೆ ಒಂದು ಹಲಗೆಯ ಗೋಡೆ. ಇವಳು ಬರೆಯುವುದು ಅಡುಗೆಮನೆಯ ಮೇಜಿನಲ್ಲಿ. ಅದೇನು ಸುಮ್ಮನೆ ಬರೆಯುವ ಜೀವವೇ? ಗಂಡಸಿನ ಮಾತಿಗೆ ಗಂಡಸಿನ ದನಿ, ಮುದುಕಿಯ ಮಾತಿಗೆ ಮುದುಕಿಯ ದನಿ ತೆಗೆದು, ಗಟ್ಟಿಯಾಗಿ ಹತ್ತು ಸಲ ಹೇಳಿ, ನಾಲಿಗೆಗೆ ಒಗ್ಗಿದ್ದನ್ನು ಮಾತ್ರ ಕಾಗದಕ್ಕಿಳಿಸುವುದು. ಒಳಗೆ ಯಾರ ಜೊತೆ ಜಗಳ ಅಂತ ಗಿರಾಕಿಗಳು ಗಾಬರಿಬಿದ್ದು ಕೇಳಿದ್ದುಂಟು. ಯಜಮಾನರು ಕಣ್ಣಿಗೆ ಸಿಕ್ಕಿಸಿಕೊಂಡ ಮಸೂರವನ್ನೂ ತೆಗೆಯದೆ, ಏನಿಲ್ಲ, ಅವಳ ಕೆಲಸ ನಡೀತಿದೆ ಅನ್ನುವರು.

ಇಷ್ಟು ಒಳ್ಳೆಯ ಮನುಷ್ಯ, ನಾಟಕ ನೋಡಲು ಕೂತರೆ ಮಾತ್ರ ಕುಂಭಕರ್ಣ. ಇವಳ ಐದು ನಾಟಕಗಳಿಗೂ ಬಂದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತು, ದೀಪ ಆರಿದ ಗಳಿಗೆಗೆ ಕಣ್ಣು ಮುಚ್ಚಿದವರು. ಮೂರನೆಯದರಲ್ಲಿ ಗೊರಕೆಯೂ ಆಗಿ, ರಂಗದ ಮೇಲಿನ ಹೆಣ ನಕ್ಕುಬಿಟ್ಟಿತ್ತು. ಕೆಟ್ಟ ವಾಚನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಅರ್ಧ ಗಂಟೆ ಅದರ ಟಿಕ್ ಟಿಕ್ ಕೇಳುವ ತಾಳ್ಮೆ ಇದೆ, ಹೆಂಡತಿಯ ನಾಟಕಕ್ಕೆ ಇಲ್ಲ ಅಂತ ಇವಳಿಗೆ ಒಳಗೊಳಗೇ ಉರಿ. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಆದರೆ ಈ ನಾಟಕದ ಮಾತೇ ಬೇರೆ. ಎಂಟು ವರ್ಷದ ಹಿಂದೆ ಇವಳಿಗೆ ದೊಡ್ಡ ಆಪರೇಷನ್ ಆಗಿತ್ತು. ಒಳಗೆ ಕರೆದೊಯ್ಯುವ ಮೊದಲು ನರ್ಸು ಕನ್ನಡಕ ತೆಗೆಸಿದಳು, ಯಜಮಾನರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ನಾನು ವಾಪಸ್ ಬರದಿದ್ರೆ ಅಂತ ಇವಳು ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು. "ಬರದಿದ್ರೆ ಹೇಗೆ? ನಿನ್ನ ಕನ್ನಡಕ ನನ್ನ ಹತ್ರ ಇದೆಯಲ್ಲ." ಆ ಮಾತು ಹಿಡಿದುಕೊಂಡೇ ಇವಳು ಹಿಂದಿರುಗಿದ್ದು. ಆ ಮಾತಿಗಾಗಿಯೇ ಈ ನಾಟಕ ಬರೆದದ್ದು. ಗಂಡನಿಗೆ ತಿಳಿಸಿರಲಿಲ್ಲ, ರಂಗದ ಮೇಲೆ ಕೇಳಲಿ ಅಂತ.

ಅದಕ್ಕೂ ಕಲ್ಲು ಬಿತ್ತು. ನಾಟಕ ಆಡಿಸುತ್ತಿದ್ದ ಮೇಷ್ಟ್ರು, ಕೊನೇ ದೃಶ್ಯಕ್ಕೆ ಇಂಥ ಮನೆಮಾತು ಸಾಲದಮ್ಮ, ಸ್ವಲ್ಪ ಎತ್ತರದ್ದು ಬೇಕು ಅಂತ ಪಟ್ಟು ಹಿಡಿದರು. ಹಿತ್ತಲ ಗಿಡ ಮದ್ದಲ್ಲ, ಇನ್ನೇನು. ಹತ್ತು ದಿನದ ಹಿಂದೆ ತಾಲೀಮಿನಲ್ಲೇ ಕೂತು, ಕಾಲವೆಂಬ ಮಹಾನದಿಯಲ್ಲಿ ಎನ್ನುವ ಆರು ಸಾಲು ಗೀಚಿಕೊಟ್ಟಳು. ಒಂದು ಸಲವೂ ದನಿ ತೆಗೆದು ಹೇಳಿ ನೋಡಲಿಲ್ಲ. ಹೋಗಲಿ, ದೃಶ್ಯವಾದರೂ ಉಳಿದಿದೆ, ಅದನ್ನಾದರೂ ಕಣ್ಣುಬಿಟ್ಟು ನೋಡಿದರೆ ಸಾಕು ಅಂದುಕೊಂಡಳು.

ರಂಗಮಂದಿರವೆಂದರೆ ಮುದ್ರಣಾಲಯದ ಮಹಡಿಯ ಮೇಲಿನ ಹಳೇ ಉಗ್ರಾಣ. ಎಂಬತ್ತು ಕುರ್ಚಿ, ಒಂದರ ಹಾಗೆ ಒಂದಿಲ್ಲ. ಕೆಳಗಿನಿಂದ ಶಾಯಿಯ ವಾಸನೆ ಬರುತ್ತಿತ್ತು. ಇವಳು ಯಾವತ್ತೂ ಕೂರುವವಳಲ್ಲ, ಹಿಂದೆ ಬಾಗಿಲಿಗೆ ಒರಗಿ ನಿಲ್ಲುವುದು. ನಿಂತಮೇಲೆ ಚೀಲ ತಡಕಿದರೆ ಕನ್ನಡಕವೇ ಇಲ್ಲ. ಮನೆಯಲ್ಲೇ ಮರೆತಳೋ ಏನೋ. ಕನ್ನಡಕವಿಲ್ಲದಿದ್ದರೆ ಇವಳಿಗೆ ಓದಲಾಗದು, ದೂರದ್ದು ಮಾತ್ರ ಸರಿಯಾಗಿ ಕಾಣುತ್ತದೆ. ಸರಿಯಾಗಿಯೇ ಕಂಡಿತು. ದೀಪ ಆರಿತು, ಮುಂದಿನ ಸಾಲಿನಲ್ಲಿ ಯಜಮಾನರ ತಲೆ ಮೆಲ್ಲಗೆ ಎದೆಯ ಕಡೆ ವಾಲಿತು. ಇವಳ ಕಣ್ಣಲ್ಲಿ ನೀರು ಬಂತು.

ನಾಟಕ ಚೆನ್ನಾಗಿಯೇ ನಡೆಯಿತು ಅನ್ನಿ. ಜನ ನಕ್ಕರು, ಕೆಮ್ಮಿದವರು ಕಮ್ಮಿ. ಕೊನೇ ದೃಶ್ಯ ಬಂತು. ಮುದುಕಿಯ ಪಾತ್ರದವಳು ಆಸ್ಪತ್ರೆಗೆಂದು ಚೀಲ ಹಿಡಿದು ನಿಂತು, "ನಾನು ವಾಪಸ್ ಬರದಿದ್ರೆ?" ಅಂದಳು. ಮುದುಕನ ಪಾತ್ರ ಮಾಡುತ್ತಿದ್ದವನು ಬ್ಯಾಂಕಿನ ಗುಮಾಸ್ತ. "ಕಾಲವೆಂಬ..." ಅಂದ. ನಿಂತ. ಮತ್ತೆ "ಕಾಲವೆಂಬ..." ಅಂದ. ಹೋಯಿತು, ಮಾತು ಅವನ ತಲೆಯಿಂದ ಹಾರಿಯೇ ಹೋಯಿತು.

ಪರದೆಯ ಹಿಂದಿನಿಂದ ಮಾತು ಎತ್ತಿಕೊಡಲು ಯಾರೂ ಇರಲಿಲ್ಲ. ಬಾಯಿಪಾಠ ಬರದವನು ಬಣ್ಣ ಹಚ್ಚಬಾರದು ಎನ್ನುವುದು ಮೇಷ್ಟ್ರ ಕಾನೂನು. ನಾಟಕದಮ್ಮನಾದರೂ ಕೂಗಿ ಹೇಳೋಣವೆಂದರೆ, ಬರೆದವಳಿಗೇ ಆ ಆರು ಸಾಲು ನೆನಪಿಗೆ ಬರಲೊಲ್ಲದು. ಹಸ್ತಪ್ರತಿ ಕೈಯಲ್ಲಿದೆ, ಅಕ್ಷರ ಕಾಣದು. ಮೇಷ್ಟ್ರು ದೀಪದ ಗುಂಡಿಯ ಮೇಲೆ ಕೈ ಇಟ್ಟಾಗಿತ್ತು.

ಆಗ ಮುಂದಿನ ಸಾಲಿನಿಂದ, ಕಣ್ಣು ಮುಚ್ಚಿಕೊಂಡೇ, ಗಿರಾಕಿಗೆ ವಾಚಿನ ರೋಗ ಹೇಳುವ ತಣ್ಣನೆಯ ದನಿಯಲ್ಲಿ ಯಜಮಾನರು ಮಾತು ಎತ್ತಿಕೊಟ್ಟರು.

"ಬರದಿದ್ರೆ ಹೇಗೆ? ನಿನ್ನ ಕನ್ನಡಕ ನನ್ನ ಹತ್ರ ಇದೆಯಲ್ಲ."

ಗುಮಾಸ್ತ ಮುಳುಗುವವನು, ಸಿಕ್ಕ ಕಡ್ಡಿ ಹಿಡಿದ. ಅದೇ ಮಾತನ್ನು ಮುದುಕಿಯ ಪಾತ್ರದವಳ ಮುಖ ನೋಡುತ್ತ ಹೇಳಿದ. ಜನ ಗೊಳ್ಳೆಂದು ನಕ್ಕರು. ನಗು ಅರ್ಧದಲ್ಲೇ ನಿಂತಿತು. ಮೂರನೇ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ರಂಗದ ಮೇಲಿನವಳು ನಿಜವಾಗಿಯೇ ಅತ್ತಳು. ಮೇಷ್ಟ್ರು ಸದ್ದಿಲ್ಲದೆ ದೀಪ ಆರಿಸಿದರು. ಚಪ್ಪಾಳೆ ಎಷ್ಟು ಹೊತ್ತು ನಡೆಯಿತೋ ನಾಟಕದಮ್ಮನಿಗೆ ಗೊತ್ತಿಲ್ಲ, ಬಾಗಿಲಿಗೆ ಒರಗಿದವಳು ಹಾಗೇ ನಿಂತಿದ್ದಳು.

ಜನ ಇಳಿದುಹೋದಮೇಲೆ ಮೇಷ್ಟ್ರು ಬಂದು, ನಾಳೆಯಿಂದ ಅದೇ ಇರಲಿ ಅಂತ ಗೊಣಗಿ, ಮುಖ ತಪ್ಪಿಸಿ ಹೊರಟುಹೋದರು. ಯಜಮಾನರು ಖಾಲಿ ಕುರ್ಚಿಗಳ ನಡುವೆ ತಪ್ಪು ಮಾಡಿದವರ ಹಾಗೆ ನಿಂತಿದ್ದರು. ಮಾತು ಬದಲಾದದ್ದು ಅವರಿಗೆ ಆಗಷ್ಟೇ ತಿಳಿದಿತ್ತು.

"ಅದು ತೆಗೆದುಹಾಕಿದ್ದು ಅಂತ ಗೊತ್ತಿರಲಿಲ್ಲ ಕಣೆ," ಅಂದರು.

"ನೀವು ನಿದ್ದೆ ಮಾಡ್ತಿರಲಿಲ್ವಾ?"

"ಮಾಡಿದೆ, ಎರಡನೇ ದೃಶ್ಯದಲ್ಲಿ ಸ್ವಲ್ಪ. ಅದು ಉದ್ದ ಆಯ್ತು. ಮಿಕ್ಕಿದ್ದು ಕೇಳಿಸಿಕೊಳ್ತಿದ್ದೆ. ಕಣ್ಣು ಬಿಟ್ರೆ ನಂಗೆ ಕಿವಿ ಕೇಳಲ್ಲ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಇದು ತನಗೆ ಹೊಳೆಯಲಿಲ್ಲವಲ್ಲ ಅಂತ ಅವಳಿಗೆ ನಾಚಿಕೆಯಾಯಿತು. ತಡೆಯಲಾರದೆ, ಆ ಮಾತು ನೀವೇ ಹೇಳಿದ್ದು, ಆಸ್ಪತ್ರೆಯಲ್ಲಿ, ನೆನಪಿದೆಯಾ ಅಂತ ಕೇಳಿದಳು.

ಯಜಮಾನರು ಯೋಚಿಸಿದರು. ನಿಜಕ್ಕೂ ನೆನಪಿರಲಿಲ್ಲ.

"ನಂಗೆಲ್ಲಿ ಬರುತ್ತೆ ಅಂಥ ಮಾತು? ನೀನು ಬರೆದದ್ದು. ಗೋಡೆ ಆಚೆಯಿಂದ ನಾಲ್ಕು ತಿಂಗಳು ಕೇಳಿದೀನಿ," ಅಂದರು. ಆಮೇಲೆ ಏನೋ ಹೊಳೆದಂತಾಗಿ ಅಂಗಿಯ ಜೇಬಿಗೆ ಕೈ ಹಾಕಿ, ಅವಳ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ ಕೊಟ್ಟರು.

"ತಗೋ. ನೀನು ಮೇಜಿನ ಮೇಲೆ ಬಿಟ್ಟು ಬಂದಿದ್ದೆ."