ಟಿಬ್ಸ್‌ಫರ್ಡಿನಲ್ಲಿ ಹೊಳೆ ದಾಟಿದ್ದು

ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದ ಲೆನರ್ಡ್ ಥರ್ಕೆಟ್ಲ್‌ಗೆ ನಿವೃತ್ತಿಯ ನಂತರ ತನ್ನ ಊರಿನ ಹೆಸರಿನ ಹುಚ್ಚು ಹಿಡಿಯಿತು. ಹಳೆಯ ದಾಖಲೆಗಳಲ್ಲಿ ಟಿಬ್ಸ್‌ಫರ್ಡ್ ಒಂದು ಕಡೆ ಟಿಬೆಸ್ವರ್ತ್, ಇನ್ನೊಂದು ಕಡೆ ಟಿಬ್ಬೆಸ್ವರ್ಡ್. ಬರೆದವರಿಗೆ ಕಿವಿಗೆ ಬಿದ್ದದ್ದೇ ಕಾಗುಣಿತ. ಅವನ್ನೆಲ್ಲ ಇಸವಿಯ ಪ್ರಕಾರ ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಿಟ್ಟು ಗೆರೆ ಎಳೆದ. ಗೆರೆ ತಾನು ಬಯಸಿದ ಕಡೆಗೇ ಹೋದದ್ದು ಅವನಿಗೆ ವಿಚಿತ್ರ ಅನ್ನಿಸಲೇ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಫರ್ಡ್ ಎಂದರೆ ನಡೆದು ಹೊಳೆ ದಾಟುವ ಕಡೆ; ಟಿಬ್ಬ ಎಂಬಾತ ಹೊಳೆ ದಾಟುತ್ತಿದ್ದ ಜಾಗವೇ ಈ ಊರು ಎಂದು ಸಾರಿದ.

"ದಾಟೋ ಜಾಗವೂ ಅಲ್ಲ, ಏನೂ ಅಲ್ಲ. ಹಳೇ ಹೆಸರಲ್ಲಿರೋ ವರ್ತ್ ಅಂದ್ರೆ ಹಿತ್ತಿಲು. ಟಿಬ್ಬ ಬೇಲಿ ಹಾಕ್ಕೊಂಡ ಹಿತ್ತಿಲು," ಎನ್ನುತ್ತಿದ್ದಳು ಹಲ್ಲಿನ ಡಾಕ್ಟರಾಗಿದ್ದ ಹಿಲ್ಡಾ ಪಾರ್ಜಿಟರ್.

ಊರ ನಡುವಿನ ಹುಲ್ಲುಹಾಸಿನಲ್ಲಿ ಹೊಸ ಮರದ ಫಲಕ ನಿಲ್ಲುವುದಿತ್ತು. ಅದರ ಮೇಲೆ ಹೊಳೆ ಕೆತ್ತಬೇಕೋ ಬೇಲಿ ಕೆತ್ತಬೇಕೋ ಎಂದು ಇತಿಹಾಸ ಸಂಘದವರು ಭಾನುವಾರದ ನಡಿಗೆಯ ಕೊನೆಗೆ ಕೈಯೆತ್ತಿ ತೀರ್ಮಾನಿಸಬೇಕು. ತಾನು ಸತ್ತ ಮೇಲೂ ತನ್ನ ಹೊಳೆ ಅಲ್ಲಿ ಹರಿಯಬೇಕೆಂಬುದು ಲೆನರ್ಡ್‌ನ ಆಸೆ.

ಆ ಭಾನುವಾರ, ಹೊಳೆಯ ಎರಡೂ ಕಡೆಯ ಹಳೆಯ ದಾರಿಗಳು ಎದುರುಬದುರಾಗುವ ದಡದಲ್ಲಿ ಅವನು ನಿಂತ. "ಇಲ್ಲಿ ನೀರು ಮೊಣಕಾಲುದ್ದ. ನೋಡ್ತಾ ಇರಿ."

"ಲೆನರ್ಡ್, ಒಂದು ಕೋಲಾದ್ರೂ ಇಟ್ಟು ನೋಡ್ರೀ!" ಎಂದಳು ಹಿಲ್ಡಾ.

"ಲೆಕ್ಕ ಹಾಕಿದೀನಿ ತಾಯೀ."

ರಬ್ಬರ್ ಬೂಟು ಮೊದಲ ಹೆಜ್ಜೆಗೇ ನೀರು ಕುಡಿಯಿತು. ಎರಡನೆಯದಕ್ಕೆ ಕುತ್ತಿಗೆಯವರೆಗೆ ಮುಳುಗಿದ. ಟೋಪಿ ತಾನೊಂದೇ ಹೊಳೆ ದಾಟಿತು.

ಎಳೆದು ದಡಕ್ಕೆ ಹಾಕಿದರು. ಯಾರೋ ಫ್ಲಾಸ್ಕಿನಿಂದ ಚಹಾ ಸುರಿದುಕೊಟ್ಟರು. ಸಾವಿರ ವರ್ಷದಲ್ಲಿ ಹೊಳೆ ಪಾತ್ರ ಬದಲಿಸಿರಬಹುದು ಎಂಬ ಮಾತು ಲೆನರ್ಡ್‌ನ ನಾಲಿಗೆಯ ತುದಿಗೆ ಬಂತು. ಆದರೆ ಪ್ರಯೋಗ ಕೈಕೊಟ್ಟ ಮೇಲೆ ನೆಪ ಹುಡುಕಿದ ಹುಡುಗರಿಗೆ ಅವನೇ ಸೊನ್ನೆ ಕೊಟ್ಟಿದ್ದ. ಮಾತನ್ನು ಚಹಾದ ಜೊತೆ ನುಂಗಿದ.

ಸಂಘದ ಅಧ್ಯಕ್ಷರು ಕೇಳಿದರು: "ಹೊಳೆಗೆ ಯಾರ್ ಯಾರು?"

ಸುತ್ತ ನಿಂತವರ ಕೈಗಳೆಲ್ಲ ಮೇಲೆದ್ದವು. ಹಿಲ್ಡಾಳದೂ.

"ಬೇಲಿಗೆ?"

ನೀರು ತೊಟ್ಟಿಕ್ಕುವ ಒಂದೇ ಕೈ ಎದ್ದಿತು.

"ಅಯ್ಯೋ, ನಿಮಗೋಸ್ಕರ ತಾನೇ ನಾವು ಎತ್ತಿದ್ದು!" ಎಂದರು ಅಧ್ಯಕ್ಷರು.

"ಪಾಪ ಅಂತ ಓಟು ಹಾಕಿದ್ರೆ ನೀರಿನ ಆಳ ಕಮ್ಮಿಯಾಗಲ್ಲ. ಹಿಲ್ಡಾ, ನೀವಾದ್ರೂ ನಿಮ್ಮ ಕಡೆ ಇರಬಾರದಾ?"

"ಸುಮ್ನೆ ಕೈ ಇಳಿಸ್ರೀ. ಗೆದ್ದೋರು ಜಗಳ ಆಡಬಾರದು."

ಲೆನರ್ಡ್ ಇಳಿಸಲಿಲ್ಲ. ತೋಳಿನೊಳಗಿಂದ ತಣ್ಣನೆಯ ನೀರು ಕಂಕುಳಿಗೆ ಇಳಿಯುತ್ತಿತ್ತು.