ಸ್ಟಿಕ್ಕರ್ ಟೀಚರ್

ಬಸ್ಸು ರಿಪ್ಪನ್‌ಪೇಟೆ ಬಿಟ್ಟು ಕೋಣಂದೂರು ದಾಟುವ ಹೊತ್ತಿಗೆ ಸೌಜನ್ಯ ಪಿಟೀಲು ಪೆಟ್ಟಿಗೆಯ ಕೊಂಡಿಯನ್ನು ಎಷ್ಟು ಸಲ ತೆಗೆದು ಹಾಕಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಪೆಟ್ಟಿಗೆ ಅವಳ ತೊಡೆಯ ಮೇಲಿತ್ತು. ಒಳಗಿದ್ದ ಪಿಟೀಲು ಮಾತ್ರ ಪಕ್ಕದಲ್ಲಿ ಕಿಟಕಿಗೆ ಹಣೆ ಆನಿಸಿ ಕೂತಿದ್ದ ಲಿಖಿತಾಳದು. ಏಳನೇ ಕ್ಲಾಸಿನ ಆ ಹುಡುಗಿ ಹೊರಟಾಗಿನಿಂದ ಬಾಯಿ ಬಿಟ್ಟಿರಲಿಲ್ಲ.

"ತಿಂಡಿ ತಿಂದ್ಯಾ ಮಗಾ?"

"ಹೂಂ."

"ಎಂತ ತಿಂದೆ?"

"ಎಂತದೋ ಒಂದು."

ಹಿಂದಿನ ಸೀಟಿನಿಂದ ಅವಳ ಅಪ್ಪ ಶಿವರಾಮ ಮುಂದಕ್ಕೆ ಬಾಗಿದ. ರಿಪ್ಪನ್‌ಪೇಟೆಯಲ್ಲಿ ಅವನದು ಕಳೆ ಕೊಚ್ಚುವ ಮಿಷನ್ನು, ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುವ ಅಂಗಡಿ. "ಸುಳ್ಳು ಟೀಚರ್. ಅರ್ಧ ದೋಸೆ ಹರ್ದು ಹಾಕಿ ಎದ್ಳು. ಪಿಟೀಲು ಮಾರ್ಬಿಡು ಅಂತಾಳೆ. ಅದೇನು ಕಳೆ ಮಿಷನ್ನಾ, ಸೆಕೆಂಡ್ ಹ್ಯಾಂಡಲ್ಲಿ ತಗೊಂಡು ಹೋಗಕ್ಕೆ ಅಂದೆ. ಅದೂ ನಾನು ಗಣಪತಿ ಹಬ್ಬಕ್ಕೆ ಮುಂಚೆ ಪೂರ್ತಿ ಬಿಚ್ಚಿ ಕ್ಲೀನ್ ಮಾಡಿದ್ದು. ಹಿಡಿ ಬೂಷ್ಟು ಇತ್ತು ಒಳಗೆ. ಈಗ ಹೊಳೀತಿದೆ, ನೋಡಿದ್ರಲ್ಲ?"

"ಹೌದು ಶಿವರಾಮಣ್ಣ," ಅಂದಳು ಸೌಜನ್ಯ. ಅವಳ ಮನಸ್ಸು ಆಗಲೇ ತೀರ್ಥಹಳ್ಳಿ ಮುಟ್ಟಿ ಅಲ್ಲೊಂದು ಜಗಲಿಯ ಮೆಟ್ಟಿಲು ಹತ್ತಿ ಇಳಿಯುತ್ತಿತ್ತು.

ಅದು ಮುಕುಂದಯ್ಯ ಮೇಷ್ಟ್ರ ಜಗಲಿ. ಬ್ಯಾಕೋಡಿನಿಂದ ಬಂದ ಸೌಜನ್ಯ ತೀರ್ಥಹಳ್ಳಿಯ ನೆಂಟರ ಮನೆಯಲ್ಲಿದ್ದುಕೊಂಡು ಪಿಟೀಲು ಕಲಿತದ್ದು ಅಲ್ಲಿಯೇ. ಪ್ರತಿ ನವರಾತ್ರಿಯಲ್ಲಿ ಒಂದು ಬೆಳಿಗ್ಗೆ ಮೇಷ್ಟ್ರ ಹಳೇ ಶಿಷ್ಯರು ಅಲ್ಲಿ ಸೇರುತ್ತಾರೆ. ಅವರಲ್ಲಿ ಪಾಠ ಹೇಳುವವರು ತಾವು ಕಲಿಸಿದ ಒಂದು ಮಗುವನ್ನು ನುಡಿಸಲು ಕರೆತರುತ್ತಾರೆ. ಸಾಗರದಿಂದ ಬರುತ್ತಾರೆ, ಹೊಸನಗರದಿಂದ ಬರುತ್ತಾರೆ. ಸೌಜನ್ಯಳಿಗೆ ಮಾತ್ರ ಇಷ್ಟು ವರ್ಷ ಕರೆ ಬಂದಿರಲಿಲ್ಲ. ಈ ಸಲ ಮೇಷ್ಟ್ರ ಹೆಂಡತಿ ಜಲಜಮ್ಮ ಫೋನ್ ಮಾಡಿ, "ಒಂದು ಮಗೂನ ಕರ್ಕೊಂಡು ಬರ್ಬೇಕಂತೆ ನೀನು. ಮೊದ್ಲು ಒಂದಿನ ಕೇಳ್ತಾರಂತೆ, ನವರಾತ್ರಿಗೆ ಬರ್ಬೇಕೋ ಬೇಡ್ವೋ ಆಮೇಲೆ ಹೇಳ್ತಾರಂತೆ," ಎಂದಿದ್ದರು.

ಕರೆ ಬಾರದೆ ಇದ್ದುದಕ್ಕೆ ಕಾರಣ ಎಲ್ಲರಿಗೂ ಗೊತ್ತಿತ್ತು. ಮುಕುಂದಯ್ಯ ಪಾಠ ಹೇಳುವಾಗ ಶಿಷ್ಯರಿಗೆ ಬೆನ್ನು ಹಾಕಿ ಅಂಗಳ ನೋಡುತ್ತ ಕೂರುವವರು. ಕಣ್ಣು ಕೆಲಸ ಮಾಡಿದರೆ ಕಿವಿ ಸೋಮಾರಿಯಾಗುತ್ತದೆ ಎಂಬುದು ಅವರ ವಾದ. ಕೂದಲೆಳೆಯಷ್ಟು ಸ್ವರ ಜಾರಿದರೂ ಆ ಬೆನ್ನಿಗೆ ಗೊತ್ತಾಗುತ್ತಿತ್ತು. ಆದರೆ ಸೌಜನ್ಯ ಎಡ ಮಣಿಕಟ್ಟನ್ನು ಒಳಗೆ ಮಡಚಿ ನುಡಿಸುತ್ತಿದ್ದುದು ಮಾತ್ರ ಗೊತ್ತಾಗಲಿಲ್ಲ. ಸ್ವರ ಸರಿಯಿತ್ತಲ್ಲ! ನೋವು ಮೊಣಕೈವರೆಗೆ ಏರಿ ಡಾಕ್ಟರು ಪಟ್ಟಿ ಕಟ್ಟುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ಅರ್ಧ ಗಂಟೆ ನುಡಿಸಿದರೆ ಇವತ್ತಿಗೂ ಬೆರಳು ಜೋಮು ಹಿಡಿಯುತ್ತದೆ.

ಅದಕ್ಕೇ ಅವಳು ಮಕ್ಕಳ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು ಕಲಿಸುತ್ತಾಳೆ. ರಿಪ್ಪನ್‌ಪೇಟೆಯ ಔಷಧಿ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ, ಹೊಸನಗರ, ಸಾಗರದ ಮನೆಗಳಲ್ಲಿ, ಬಸ್ಸು ತಪ್ಪಿದ ದಿನ ಫೋನಿನಲ್ಲಿ. ಪ್ರತಿ ಪಿಟೀಲಿನಲ್ಲೂ ಬೆರಳಿಡುವ ಕರಿ ಪಟ್ಟಿಯ ಮೇಲೆ ಬಣ್ಣದ ಟೇಪನ್ನು ಸಣ್ಣಗೆ ಕತ್ತರಿಸಿ ಗೆರೆಯ ಹಾಗೆ ಅಂಟಿಸುತ್ತಾಳೆ. ಕೆಂಪು ಗೆರೆಗೆ ಈ ಬೆರಳು, ಹಳದಿಗೆ ಆ ಬೆರಳು. ಮಕ್ಕಳು ಒಂದೆರಡು ತಿಂಗಳಲ್ಲಿ ಸಣ್ಣದೊಂದು ದೇವರನಾಮ ನುಡಿಸುತ್ತಾರೆ, ಅಪ್ಪ ಅಮ್ಮ ವಿಡಿಯೋ ಮಾಡಿ ನೆಂಟರಿಗೆಲ್ಲ ಕಳಿಸುತ್ತಾರೆ. ಮೇಷ್ಟ್ರ ಹಳೇ ಶಿಷ್ಯರು ಅವಳಿಗಿಟ್ಟ ಹೆಸರು ಸ್ಟಿಕ್ಕರ್ ಟೀಚರ್. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಮುಖಕ್ಕೇ ಅಂದಿದ್ದರು.

ಜಲಜಮ್ಮನ ಫೋನು ಬಂದಾಗ ಸೌಜನ್ಯ ಯೋಚಿಸಲೇ ಇಲ್ಲ. ಲಿಖಿತಾ ಎಂದು ಮನಸ್ಸಿನಲ್ಲೇ ಆರಿಸಿದ್ದಳು. ಉಳಿದ ಮಕ್ಕಳು ಗೆರೆ ನೋಡಿ ನುಡಿಸಿದರೆ ಇವಳು ನುಡಿಸುವ ಮುಂಚೆಯೇ ಬಾಯಲ್ಲಿ ಗುನುಗುವವಳು. ಆದರೆ ಅದೇನು ಗ್ರಹಚಾರವೋ, ಗಣಪತಿ ಹಬ್ಬ ಕಳೆದ ಮೇಲೆ ಹುಡುಗಿಯ ಕೈ ಕೆಟ್ಟುಹೋಯಿತು. ಬೆರಳು ಗೆರೆಯ ಮೇಲೆ ಬೀಳುತ್ತಲೇ ಇರಲಿಲ್ಲ. ಪ್ರತಿ ಸಲ ಸ್ವಲ್ಪ ಹಿಂದೆ.

"ಕೆಂಪು ಗೆರೆ ಮೇಲೆ ಇಡೇ. ಕಣ್ಣು ಎಲ್ಲಿಟ್ಟಿದ್ದೀಯ?"

ಹುಡುಗಿ ಗೆರೆಯ ಮೇಲಿಡುತ್ತಿದ್ದಳು. ಸ್ವರ ಚೂರು ಏರಿದಂತೆ, ಹುಳಿಯಾದಂತೆ ಕೇಳುತ್ತಿತ್ತು. ತಂತಿ ಹಳೆಯದಾಗಿರಬೇಕೆಂದು ಸೌಜನ್ಯ ಹೊಸ ತಂತಿ ಹಾಕಿಸಿದಳು. ಒತ್ತಿ ಹಿಡಿಯುತ್ತಿದ್ದೀಯ ಎಂದು ಬೈದಳು. ದಿನ ಹತ್ತಿರ ಬಂದಷ್ಟೂ ಅವಳ ದನಿ ಏರುತ್ತ ಹೋಯಿತು. ಕಳೆದ ಗುರುವಾರ ಹುಡುಗಿ ಕಮಾನು ಕೆಳಗಿಟ್ಟು ಅತ್ತುಬಿಟ್ಟಳು. "ನಂಗೆ ಬರಲ್ಲ ಟೀಚರ್. ನಾನು ಸರಿ ಅಂದ್ಕೊಂಡಿದ್ದೆಲ್ಲ ತಪ್ಪೇ ಆಗ್ತದೆ."

ತೀರ್ಥಹಳ್ಳಿ ಬಂತು. ಬಸ್ಸಿಳಿದು ನಡೆಯುವಾಗ ಲಿಖಿತಾ ಮೊದಲ ಸಲ ತಾನಾಗಿ ಮಾತಾಡಿದಳು.

"ಟೀಚರ್, ಇವತ್ತೂ ತಪ್ಪಾದ್ರೆ ನಾನು ಬಿಟ್ಬಿಡ್ತೀನಿ. ಕೋಪ ಮಾಡ್ಕೋಬಾರ್ದು."

ಸೌಜನ್ಯ ಹೆಜ್ಜೆ ಜೋರು ಮಾಡಿದಳು. "ಸುಮ್ನೆ ಬಾ," ಎಂದಳು. ಗೆರೆಗಳನ್ನು ಕಿತ್ತು ಹಾಕಿ ಬರಬೇಕೆಂದು ಬೆಳಿಗ್ಗೆ ಅನ್ನಿಸಿತ್ತು. ಗೆರೆ ಇದ್ದೂ ತಪ್ಪುವವಳು ಇಲ್ಲದೆ ಹೇಗೆ ನುಡಿಸಿಯಾಳು ಎಂದು ಧೈರ್ಯ ಸಾಲಲಿಲ್ಲ. ಹೇಗೂ ಮೇಷ್ಟ್ರು ಬೆನ್ನು ಹಾಕಿಯೇ ಕೂರುವುದು. ಈಗಂತೂ ಕಣ್ಣೂ ಮಂಜು.

ಜಲಜಮ್ಮ ಕಾಫಿ ಕೊಟ್ಟರು. ಮುಕುಂದಯ್ಯ ಜಗಲಿಯಂಚಿನಲ್ಲಿ ಅಂಗಳಕ್ಕೆ ಮುಖ ಮಾಡಿ ಕೂತವರು ತಿರುಗಲಿಲ್ಲ. "ಬಂದ್ಯಾ ಸೌಜನ್ಯಾ," ಎಂದರು, ನಿನ್ನೆಯಷ್ಟೇ ಪಾಠ ಮುಗಿಸಿ ಹೋದವಳಿಗೆ ಹೇಳುವಂತೆ.

ಶಿವರಾಮ ಆ ಬೆನ್ನಿಗೇ ನಮಸ್ಕಾರ ಮಾಡಿ ಕಕ್ಕಾಬಿಕ್ಕಿಯಾದ. ಜಲಜಮ್ಮ ನಕ್ಕರು. "ಬೇಜಾರು ಮಾಡ್ಕೋಬೇಡಿ ಮಾರಾಯ್ರೆ. ನನ್ನ ನೋಡಕ್ಕೆ ಬಂದಾಗ್ಲೂ ಹಿಂಗೇ ಕೂತಿದ್ರು. ಧ್ವನಿ ಕೇಳಿ ಒಪ್ಕೊಂಡಿದ್ದಂತೆ!"

"ಶ್ರುತಿ ಹಾಕು," ಎಂದರು ಮೇಷ್ಟ್ರು. ಜಲಜಮ್ಮ ಹಳೇ ಶ್ರುತಿಪೆಟ್ಟಿಗೆಯ ತಿದಿ ಒತ್ತತೊಡಗಿದರು.

ಲಿಖಿತಾ ಚಕ್ಕಳಮಕ್ಕಳ ಹಾಕಿ ಕೂತು ಪಿಟೀಲನ್ನು ಎದೆಗೂ ಪಾದಕ್ಕೂ ಆನಿಸಿಕೊಂಡಳು. ಸೌಜನ್ಯ ಅಭ್ಯಾಸಬಲದಿಂದ ಎದುರಿಗೆ ಕೂತಳು. ಮಾಯಾಮಾಳವಗೌಳದ ಸರಳೆ ಶುರುವಾಯಿತು. ಮೊದಲ ಬೆರಳೇ ಗೆರೆಗಿಂತ ಹಿಂದೆ ಬಿತ್ತು. ಸೌಜನ್ಯ ಕಣ್ಣರಳಿಸಿ, ಸದ್ದಿಲ್ಲದೆ ತುಟಿಯಲ್ಲೇ "ಗೆರೆ, ಗೆರೆ" ಎಂದಳು. ಹುಡುಗಿ ಬೆರಳನ್ನು ಗೆರೆಗೆ ಸರಿಸಿದಳು. ಸ್ವರ ಹುಳಿಯಾಯಿತು.

ಮೇಷ್ಟ್ರ ತಲೆ ಒಂದು ಕಡೆ ವಾಲಿತು. "ಮೊದ್ಲು ಸರಿ ಇತ್ತಲ್ಲ. ಯಾಕೆ ಬದಲಾಯಿಸಿದ್ದು? ಇನ್ನೊಂದ್ಸಲ."

ಇನ್ನೊಂದು ಸಲವೂ ಹಾಗೆಯೇ. ಬೆರಳು ತಾನಾಗಿ ಒಂದು ಕಡೆ ಬೀಳುವುದು, ಹುಡುಗಿ ಟೀಚರ ಮುಖ ನೋಡುವುದು, ಬೆರಳು ಸರಿಯುವುದು.

"ಅಲ್ಲೇ! ಅಲ್ಲೇ ಕೆಡ್ತು. ಮಗಾ, ನಿಂಗೆ ಸ್ವರ ಗೊತ್ತಿದೆ. ಗೊತ್ತಿದ್ದೂ ಕೆಡಿಸ್ತಿ. ಎಂತಕ್ಕೆ?"

"ಅದು... ಗೆರೆ..." ಎಂದ ಲಿಖಿತಾ ಸೌಜನ್ಯಳತ್ತ ನೋಡಿದಳು. ಹುಡುಗಿಯ ಕಣ್ಣು ತುಂಬಿತ್ತು.

ಮಗು ಹೆದರಿದೆ ಸರ್, ಎಂಬ ಮಾತು ಸೌಜನ್ಯಳ ನಾಲಗೆಯ ತುದಿಗೆ ಬಂತು. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಹುಡುಗಿಯ ಕಣ್ಣು ನೋಡಲಾರದೆ ಅವಳು ತಲೆ ತಗ್ಗಿಸಿದಳು. ಆಗ ಎರಡು ವಾರದಲ್ಲಿ ಮೊದಲ ಸಲ ಅವಳ ದೃಷ್ಟಿ ಗೆರೆಗಳನ್ನು ಬಿಟ್ಟು ಪಿಟೀಲಿನ ಹೊಟ್ಟೆಯ ಮೇಲೆ, ತಂತಿಗಳನ್ನು ಹೊತ್ತು ನಿಲ್ಲುವ ಮರದ ಪುಟ್ಟ ಕುದುರೆಯ ಮೇಲೆ ಬಿತ್ತು. ಎರಡು ಬದಿಯ ಬಳುಕಿದ ಕಿಂಡಿಗಳ ನಡುವೆ ಒಂದು ಸಣ್ಣ ಗುರುತಿರುತ್ತದೆ. ಕುದುರೆ ಅಲ್ಲಿ ನಿಲ್ಲಬೇಕು. ಅದು ಅರ್ಧ ಬೆರಳು ಮುಂದೆ, ಕರಿ ಪಟ್ಟಿಯ ಕಡೆಗೆ ನಿಂತಿತ್ತು.

"ಶಿವರಾಮಣ್ಣ, ಕ್ಲೀನ್ ಮಾಡುವಾಗ ಈ ಕುದುರೆ ಬಿದ್ದಿತ್ತಾ?"

"ತಂತಿ ಎಲ್ಲ ಬಿಚ್ಚಿದ ಕೂಡ್ಲೆ ಎದ್ದು ಬಂತು ಅದು. ನಾನೇ ನಿಲ್ಸಿದೆ ಟೀಚರ್. ಸ್ಕೇಲ್ ಇಟ್ಟು ಅಳತೆ ಮಾಡಿ, ಕರಿ ಪಟ್ಟಿಗೂ ಹಿಂದೆ ತಂತಿ ಸಿಕ್ಕಿಸೋ ಬಾಲಕ್ಕೂ ನಡುಮಧ್ಯ. ಒಂದು ಮಿಲಿಮೀಟರ್ ಆಚೀಚೆ ಇಲ್ಲ, ಬೇಕಿದ್ರೆ ನೋಡಿ!"

ಸೌಜನ್ಯ ಗೆರೆಗಳನ್ನೊಮ್ಮೆ, ಕುದುರೆಯನ್ನೊಮ್ಮೆ ನೋಡಿದಳು. ಕುದುರೆ ಸರಿದ ಮೇಲೆ ತಂತಿಯ ಉದ್ದವೇ ಬೇರೆ. ಅವಳು ಅಂಟಿಸಿದ ಗೆರೆಯೊಂದೂ ಸರಿಯಿರಲಿಲ್ಲ. ಹುಡುಗಿಯ ಬೆರಳು ಮಾತ್ರ ಸ್ವರವನ್ನು ಹುಡುಕಿಕೊಂಡು ಹೋಗಿ ಕೂರುತ್ತಿತ್ತು. ಪ್ರತಿ ಸಲವೂ ಸೌಜನ್ಯ ಅದನ್ನು ಬೈದು ಎಬ್ಬಿಸಿದ್ದಳು.

ಅವಳು ಪಿಟೀಲನ್ನು ಕೈಗೆ ತೆಗೆದುಕೊಂಡು ತಂತಿ ಸಡಿಲಿಸಿ, ಕುದುರೆಯನ್ನು ಎರಡು ಬೆರಳಲ್ಲಿ ಹಿಡಿದಳು. ಮೆಲ್ಲಗೆ ಹಿಂದಕ್ಕೆ ಸರಿಸಿದರೆ ಆಯಿತು. ಗೆರೆಗಳು ಮತ್ತೆ ಸರಿಯಾಗುತ್ತವೆ, ಹುಡುಗಿ ಗೆರೆ ನೋಡಿಕೊಂಡು ನುಡಿಸುತ್ತಾಳೆ, ಆ ಬೆನ್ನಿಗೆ ಏನೂ ತಿಳಿಯುವುದಿಲ್ಲ. ಲಿಖಿತಾ ಅವಳ ಕೈಯನ್ನೇ ನೋಡುತ್ತಿದ್ದಳು, ಮುಂದೆ ಯಾವ ಬೈಗುಳ ಬರುತ್ತದೋ ಎಂಬಂತೆ.

ಸೌಜನ್ಯ ಕುದುರೆಯನ್ನು ಇದ್ದಲ್ಲೇ ಬಿಟ್ಟಳು. ತಂತಿಯ ಅಡಿಗೆ ಉಗುರು ತೂರಿಸಿ ಕೆಂಪು ಗೆರೆಯ ತುದಿ ಎಬ್ಬಿಸಿ ಎಳೆದಳು. ಪರ್ರನೆ ಸದ್ದಾಯಿತು.

"ಎಂತದು ಶಬ್ದ?" ಎಂದರು ಮುಕುಂದಯ್ಯ.

"ಸ್ಟಿಕ್ಕರ್ ಸರ್. ಬೆರಳಿನ ಗುರುತಿಗೆ ಅಂಟಿಸಿದ್ದೆ. ಕೀಳ್ತಿದ್ದೀನಿ."

ಜಲಜಮ್ಮನ ಕೈ ತಿದಿಯ ಮೇಲೆ ನಿಂತಿತು. ಹಳದಿ ಬಂತು, ನೀಲಿ ಬಂತು. ಹಸಿರು ಅರ್ಧಕ್ಕೇ ಹರಿಯಿತು, ಅದನ್ನು ಕೆರೆದು ತೆಗೆಯಬೇಕಾಯಿತು. ಕರಿ ಪಟ್ಟಿಯ ಮೇಲೆ ಗೋಂದಿನ ಕಲೆ ಉಳಿಯಿತು. ಸೌಜನ್ಯ ತಂತಿ ಬಿಗಿದು ಶ್ರುತಿಗೆ ಕೂಡಿಸಿ ಪಿಟೀಲು ವಾಪಸು ಕೊಟ್ಟಳು.

"ನುಡ್ಸು. ನೀನು ಸರಿ ಅಂದ್ಕೊಂಡಿದ್ದೇ ಸರಿ ಇತ್ತು. ನಾನೇ ಕೇಳಿಸ್ಕೊಳ್ಳಿಲ್ಲ."

ಅಷ್ಟು ಹೇಳಿದ ಮೇಲೆ ಕಣ್ಣನ್ನು ಎಲ್ಲಿಡಬೇಕೋ ತಿಳಿಯದೆ ಅವಳು ಎದ್ದು, ಮೇಷ್ಟ್ರಿಂದ ಸ್ವಲ್ಪ ದೂರ, ಅಂಗಳಕ್ಕೆ ಮುಖ ಮಾಡಿ ಕೂತಳು. ಅಂಗಳದಲ್ಲಿ ಒಂದು ಕೋಳಿ ಕಾಲು ಕೆದರುತ್ತಿತ್ತು. ಹಿಂದೆ ಸರಳೆ ಶುರುವಾಯಿತು. ತಿರುಗಿ ನೋಡಬೇಕೆಂದು ಅವಳ ಕುತ್ತಿಗೆ ಜಗ್ಗುತ್ತಿತ್ತು. ಗಾಂಧಾರ ಚೂರು ಅಲುಗಿತು; ಈಗ ಬೀಳುತ್ತದೆ ಎಂದುಕೊಂಡಳು ಸೌಜನ್ಯ. ಅದು ಬೀಳಲಿಲ್ಲ, ತಾನೇ ಹುಡುಕಿಕೊಂಡು ಕೂತಿತು. ಮುಂದಿನ ಸುತ್ತಿನಲ್ಲಿ ಅಲುಗಲೂ ಇಲ್ಲ.

ಮುಗಿದ ಮೇಲೆ ಮುಕುಂದಯ್ಯ ಅಂಗಳ ನೋಡುತ್ತಲೇ ಕೇಳಿದರು.

"ಸೌಜನ್ಯಾ, ಮಗೂದು ಮಣಿಕಟ್ಟು ಹ್ಯಾಗಿದೆ? ನಂಗೆ ಕಾಣಲ್ಲ."

ಅವಳು ತಿರುಗಿ ನೋಡಿದಳು. ಲಿಖಿತಾ ಇನ್ನೂ ಪಿಟೀಲು ಇಳಿಸಿರಲಿಲ್ಲ. ಮಣಿಕಟ್ಟು ಮಡಚದೆ, ಬಿಗಿಯದೆ ನಿಂತಿತ್ತು. ಎದುರಿಗೆ ಕೂತು ದಿನಾ ತಿದ್ದಿ ನಿಲ್ಲಿಸಿದ ಮಣಿಕಟ್ಟು.

"ನೆಟ್ಟಗಿದೆ ಸರ್."

"ಹಂಗಾರೆ ನವರಾತ್ರಿಗೆ ಬರ್ಲಿ." ಆಮೇಲೆ, ಇನ್ನೇನೋ ನೆನಪಾದಂತೆ, "ನಿಂದು ಇನ್ನೂ ನೋಯ್ತದಾ?" ಎಂದರು.

"ಥಂಡಿ ಇದ್ರೆ ನೋಯ್ತದೆ ಸರ್."

ಮೇಷ್ಟ್ರು ತಲೆಯಾಡಿಸಿದರು. ಅದನ್ನು ಅಂಗಳಕ್ಕೇ ಹೇಳಿದಂತಿತ್ತು.

ವಾಪಸು ಬರುವಾಗ ಪೆಟ್ಟಿಗೆ ಲಿಖಿತಾಳ ತೊಡೆಯ ಮೇಲಿತ್ತು. ಅವಳು ಬಸ್‌ಸ್ಟ್ಯಾಂಡಿನಲ್ಲಿ ಎರಡು ಬನ್ನು ತಿಂದು ಮೂರನೆಯದಕ್ಕೆ ಅಪ್ಪನ ಜೇಬು ನೋಡುತ್ತಿದ್ದಳು. ಶಿವರಾಮ, "ನಡುಮಧ್ಯ ಅಲ್ದಿದ್ರೆ ಮತ್ತೆಲ್ಲಿ ಟೀಚರ್ ಇಡೋದು ಅದನ್ನ?" ಎಂದು ಕೇಳುತ್ತಲೇ ಇದ್ದ.

ಸೌಜನ್ಯಳ ಫೋನು ಗುಂಯ್‌ಗುಟ್ಟಿತು. ಸಾಗರದ ತಾಯಿಯೊಬ್ಬರು ಮಗನ ವಿಡಿಯೋ ಕಳಿಸಿ, ಬೆರಳು ಸರಿಯಾಗಿ ಗೆರೆ ಮೇಲಿದೆಯಾ ಮೇಡಂ, ಎಂದು ಕೇಳಿದ್ದರು. ಅವಳು ವಿಡಿಯೋ ಒತ್ತಿ, ಪರದೆ ನೋಡದೆ ಫೋನನ್ನು ಕಿವಿಗೆ ಹಿಡಿದಳು. ಬಸ್ಸಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಮತ್ತೆ ಒತ್ತಿದಳು. ನಾಳೆ ಹೊಸನಗರ, ನಾಡಿದ್ದು ಸಾಗರ. ಅಲ್ಲಿ ಯಾರ ಮನೆಯ ಕುದುರೆ ಎಲ್ಲಿ ನಿಂತಿದೆಯೋ, ಯಾವ ಮಗುವಿನ ಸರಿಯಾದ ಬೆರಳನ್ನು ಅವಳು ಬೈದು ಎಬ್ಬಿಸಿದ್ದಾಳೋ. ಮುಷ್ಟಿಯಲ್ಲಿ ಬಣ್ಣದ ಟೇಪಿನ ಉಂಡೆ ಇನ್ನೂ ಇತ್ತು. ಕಿಟಕಿಯಿಂದಾಚೆ ಎಸೆಯಲು ಕೈ ಬಿಚ್ಚಿದಳು. ಅದು ಬೆರಳಿಗೆ ಅಂಟಿಕೊಂಡು ಬೀಳಲಿಲ್ಲ.